ಬೀಗದ ಮೇಷ್ಟ್ರ ಕೊನೆಯ ಮೂರು ಎಲೆ

ನಮ್ಮ ಬ್ರಿಡ್ಜ್ ಕ್ಲಬ್ಬಿನ ಕಾರ್ಯದರ್ಶಿ ಕಳೆದ ತಿಂಗಳು ನನ್ನ ಬೆನ್ನು ಬಿದ್ದಿದ್ದ. ಬೀಗದ ಮೇಷ್ಟ್ರು ತೀರಿಕೊಂಡು ವರ್ಷವಾಯಿತು, ಕ್ಲಬ್ಬಿನ ವಾರ್ಷಿಕ ಪತ್ರಿಕೆಗೆ ಅವರ ಬಗ್ಗೆ ಅರ್ಧ ಪುಟ ಬೇಕು, ಅವರ ಎದುರು ಅತಿ ಹೆಚ್ಚು ಸಲ ಸೋತವರು ನೀವೇ ಆದ್ದರಿಂದ ನೀವೇ ಬರೆಯಬೇಕು ಎಂಬುದು ಅವನ ವಾದ. ಬರೆದುಕೊಟ್ಟೆ. ಸರಳ ಸಜ್ಜನರು, ತುಂಬಲಾರದ ನಷ್ಟ, ಇತ್ಯಾದಿ. ಮೂವತ್ತೈದು ವರ್ಷ ಮುದ್ರಣಾಲಯದಲ್ಲಿ ಪ್ರೂಫ್ ತಿದ್ದಿದವನಿಗೆ ಅಂಥ ಅರ್ಧ ಪುಟ ನಿದ್ದೆಗಣ್ಣಿನಲ್ಲೂ ಬರುತ್ತದೆ. ಕಾರ್ಯದರ್ಶಿ ಓದಿ, ಕಣ್ಣಲ್ಲಿ ನೀರು ಬಂತು ಅಂದ. ನನಗೆ ಬರಲಿಲ್ಲ. ಬರೆಯಬೇಕಾಗಿದ್ದನ್ನು ನಾನು ಬರೆದಿರಲಿಲ್ಲ. ಅದನ್ನೀಗ ಬರೆಯುತ್ತೇನೆ.

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ. ಅವರು ಶಾಲೆಯ ಮೆಟ್ಟಿಲು ಹತ್ತಿದ್ದೇ ಏಳು ವರ್ಷ. ಕಸುಬು ಬೀಗ ರಿಪೇರಿ. ಕಚೇರಿಗಳಿರುವ ಬೀದಿಯ ಒಂದು ಹಳೇ ಕಟ್ಟಡದಲ್ಲಿ, ಮಹಡಿ ಮೆಟ್ಟಿಲ ಕೆಳಗಿನ ಜಾಗವೇ ಅವರ ಅಂಗಡಿ. ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತಿದ್ದವು. ಹಿಂದಿನ ಗೋಡೆಯ ತುಂಬ ಇನ್ನೂ ಹಲ್ಲು ಕೊರೆಯದ ಕೀಲಿಗಳು ಸಾಲುಸಾಲಾಗಿ ನೇತಾಡುತ್ತಿದ್ದವು. ಮುಂದೆ ಗಿಡ್ಡ ಮೇಜು, ಅದರ ಮೇಲೆ ಹಿಡಿ ಸವೆದ ನಾಲ್ಕೈದು ಅರ, ಒಂದು ಎಣ್ಣೆಯ ಡಬ್ಬಿ. ಕೀಲಿ ಕಳೆದುಹೋದ ಬೀರು, ಕಚ್ಚಿಕೊಂಡು ಕೂತ ಬಾಗಿಲು, ಯಾರದೋ ಅಜ್ಜನ ಕಾಲದ ಪೆಟ್ಟಿಗೆ, ಏನು ಬಂದರೂ ಅವರು ಮೊದಲು ಮಾಡುತ್ತಿದ್ದ ಕೆಲಸ ಒಂದೇ. ತೆಳ್ಳಗಿನ ಒಂದು ತಂತಿಯನ್ನು ಬೀಗದೊಳಗೆ ತೂರಿಸಿ, ಬೀಗಕ್ಕೆ ಕಿವಿ ಹಚ್ಚಿ ಕೂರುವುದು. ಗಿರಾಕಿ ಗೊಣಗಿದರೆ ಕೈಯೆತ್ತಿ, "ಸ್ವಲ್ಪ ಸುಮ್ನಿರಿ, ಇದು ಹೇಳ್ತಾ ಇದೆ" ಅನ್ನುತ್ತಿದ್ದರು. ಬೀಗ ಏನು ಹೇಳುತ್ತಿತ್ತೋ ನಮಗೆ ಗೊತ್ತಿಲ್ಲ. ಆದರೆ ಅದು ತೆರೆದುಕೊಳ್ಳುತ್ತಿತ್ತು.

ಅವರಿಗೆ ಮೇಷ್ಟ್ರು ಎಂಬ ಹೆಸರಿಟ್ಟಿದ್ದು ಕ್ಲಬ್ಬಿನಲ್ಲಿ, ಇಟ್ಟವನು ನಾನೇ. ಟೈರು ಅಂಗಡಿಯ ಮೇಲಿನ ಎರಡು ಕೋಣೆಗಳೇ ನಮ್ಮ ಕ್ಲಬ್ಬು. ಐದು ಮೇಜು, ಕೀರಲು ದನಿಯ ಎರಡು ಫ್ಯಾನು, ಕೆಳಗಿನಿಂದ ಸದಾ ಹೊಸ ರಬ್ಬರಿನ ವಾಸನೆ. ಶನಿವಾರ ಮಧ್ಯಾಹ್ನ ಮೂರಕ್ಕೆ ಕೂತರೆ ಆರಕ್ಕೆ ಏಳುತ್ತಿದ್ದೆವು. ಪ್ರತಿ ಆಟ ಮುಗಿದ ಮೇಲೂ ಈ ಮನುಷ್ಯ ಎಲೆಗಳನ್ನು ಮತ್ತೆ ಹರಡಿ, ಯಾರ ಕೈಯಿಂದ ಯಾವ ಎಲೆ ಯಾವಾಗ ಬಿತ್ತು ಎಂದು ಐವತ್ತೆರಡನ್ನೂ ನೆನಪಿನಿಂದಲೇ ಜೋಡಿಸಿ, ನಾವು ಎಲ್ಲಿ ಎಡವಿದೆವು ಎಂದು ಪಾಠ ಹೇಳುತ್ತಿದ್ದರು. ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು. ಸೋತು ಮೈ ಪರಚಿಕೊಳ್ಳುತ್ತ ಕೂತವನಿಗೆ ಆ ಪಾಠ ಎಷ್ಟು ಹಿತವಾಗಿರುತ್ತದೆ ಎಂದು ನೀವೇ ಯೋಚಿಸಿ.

ಬ್ರಿಡ್ಜ್ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ನಾಲ್ಕು ಜನ, ಎದುರುಬದುರು ಕೂತವರು ಒಂದು ಜೋಡಿ. ತಲೆಗೆ ಹದಿಮೂರು ಎಲೆ. ಒಬ್ಬೊಬ್ಬರು ಒಂದೊಂದು ಎಲೆ ಹಾಕಿದರೆ ಒಂದು ಸುತ್ತು, ಮೊದಲು ಬಿದ್ದ ಜಾತಿಯಲ್ಲಿ ದೊಡ್ಡ ಎಲೆ ಹಾಕಿದವರಿಗೆ ಆ ಸುತ್ತು; ಆ ಜಾತಿ ಕೈಯಲ್ಲಿಲ್ಲದವನು ಬೇರೆ ಏನನ್ನಾದರೂ ಎಸೆಯಬೇಕು. ಇಂತಿಷ್ಟು ಸುತ್ತು ಗೆಲ್ಲುತ್ತೇನೆ ಎಂದು ಸವಾಲು ಹಾಕಿದವನು ಆಡುತ್ತಾನೆ. ಅವನ ಜೊತೆಗಾರ ತನ್ನ ಎಲೆಗಳನ್ನೆಲ್ಲ ಮೇಜಿನ ಮೇಲೆ ಬಿಚ್ಚಿಟ್ಟು ಸುಮ್ಮನೆ ಕೂರಬೇಕು. ಅವನಿಗೆ ಡಮ್ಮಿ ಎಂದು ಹೆಸರು. ಡಮ್ಮಿ ಬಾಯಿ ಬಿಡುವ ಹಾಗಿಲ್ಲ, ಕಣ್ಸನ್ನೆ ಮಾಡುವ ಹಾಗಿಲ್ಲ, ಗಂಡ ಹಳ್ಳಕ್ಕೆ ಬೀಳುತ್ತಿರುವುದು ಕಂಡರೂ ಕೈಕಟ್ಟಿ ಕೂರಬೇಕು. ಗಂಡ ಎಂದೆ ಯಾಕೆಂದರೆ, ಮೇಷ್ಟ್ರ ಡಮ್ಮಿ ಅವರ ಹೆಂಡತಿಯೇ. ಆಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಮಾತುಗಾರ್ತಿ, ಬಡಪೆಟ್ಟಿಗೆ ಬಿಡುವವರಲ್ಲ. ಡಮ್ಮಿಯಾಗಿ ಕೂತಾಗ ಮಾತ್ರ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ತುಟಿ ಒಳಗೆಳೆದುಕೊಂಡು ಕೂರುತ್ತಿದ್ದರು. ನನ್ನ ಜೊತೆಗಾರ ಔಷಧಿ ಅಂಗಡಿಯವನು, ಎಲೆ ಹಿಡಿದುಕೊಂಡೇ ಅರೆನಿದ್ದೆ ಮಾಡುವ ಪುಣ್ಯಾತ್ಮ. ನನ್ನನ್ನು ಎಲ್ಲರೂ ಪ್ರೂಫಣ್ಣ ಎನ್ನುತ್ತಿದ್ದರು, ಎಲ್ಲರ ಮಾತಿನಲ್ಲೂ ತಪ್ಪು ಹುಡುಕುವ ನನ್ನ ಚಾಳಿಗೆ.

ಮೇಷ್ಟ್ರ ವಿದ್ಯೆಯೆಲ್ಲ ಇದ್ದದ್ದು ಆಟದ ಕೊನೆಯಲ್ಲಿ. ಇಂಗ್ಲಿಷ್ ಪುಸ್ತಕಗಳಲ್ಲಿ ಅದಕ್ಕೆ ಸ್ಕ್ವೀಜ್ ಎಂದಿದೆ, ನಾವು ಹಿಂಡುವುದು ಎನ್ನುತ್ತಿದ್ದೆವು. ನಿಮ್ಮ ಕೈಯಲ್ಲಿ ಎರಡು ಕಡೆ ಕಾಯಬೇಕಾದ ಎಲೆಗಳಿವೆ ಅನ್ನಿ. ಆತ ಎರಡಕ್ಕೂ ಸಂಬಂಧವಿಲ್ಲದ ತನ್ನೊಂದು ಗೆಲ್ಲುವ ಎಲೆಯನ್ನು ಆಡುತ್ತಾನೆ. ನೀವು ಏನನ್ನಾದರೂ ಎಸೆಯಲೇಬೇಕು. ಇದನ್ನು ಎಸೆದರೆ ಅಲ್ಲಿ ಬಾಗಿಲು ತೆರೆಯುತ್ತದೆ, ಅದನ್ನು ಎಸೆದರೆ ಇಲ್ಲಿ. ಎಸೆಯದೆ ಇರುವ ಹಾಗಿಲ್ಲ. ಮೊದಲ ಸಲ ಅವರು ನನ್ನನ್ನು ಹಿಂಡಿದಾಗ ನನಗೆ ಹಾಗೆಂದು ತಿಳಿಯಲೂ ಇಲ್ಲ. ಆಟದ ಮೂರನೇ ಸುತ್ತಿನಲ್ಲಿ ಸುಲಭವಾಗಿ ಗೆಲ್ಲಬಹುದಾಗಿದ್ದುದನ್ನು ಅವರು ಬೇಕೆಂದೇ ಸೋತರು. ನಾನೂ ಔಷಧಿಯವನೂ ಮುಖ ಮುಖ ನೋಡಿಕೊಂಡು ನಕ್ಕೆವು. ಏಳು ಸುತ್ತು ಕಳೆದ ಮೇಲೆ ನನ್ನ ಕೈಯಲ್ಲಿ ಉಳಿದದ್ದೆಲ್ಲ ಬೇಕಾದ ಎಲೆಗಳೇ, ಬೇಡದ್ದು ಒಂದೂ ಇರಲಿಲ್ಲ. ಆಮೇಲೆ ಅವರು ಪಾಠ ಹೇಳಿದರು: ಸೋಲಬೇಕಾದ ಒಂದು ಸುತ್ತನ್ನು ಮೊದಲೇ ಸೋತುಬಿಡಬೇಕು, ಆಗ ಎದುರಿನವನ ಹತ್ತಿರ ಎಸೆಯಲಿಕ್ಕೆ ಪುಕ್ಕಟೆ ಎಲೆ ಉಳಿಯುವುದಿಲ್ಲ. ನನಗೆ ಅಂದು ಊಟ ಸೇರಲಿಲ್ಲ.

ಹೀಗೆ ಇಪ್ಪತ್ತೆಂಟು ವರ್ಷ. ಅವರ ಎಡಗಡೆ ಕೂರುವವನು ನಾನು, ಹಿಂಡಿಸಿಕೊಳ್ಳುವವನೂ ನಾನು. ನನ್ನ ಬೆವರು ನೋಡಿಯೇ ನನ್ನ ಎಲೆ ಹೇಳುತ್ತಿದ್ದರು ಎಂದು ಜನ ಆಡಿಕೊಳ್ಳುತ್ತಿದ್ದರು. ಅದು ಸುಳ್ಳು. ಅವರು ಎಣಿಸುತ್ತಿದ್ದರು, ಅಷ್ಟೇ. ಯಾರು ಏನು ಹಾಕಿದರು ಎನ್ನುವುದಕ್ಕಿಂತ, ಯಾರು ಏನನ್ನು ಹಾಕಲಿಲ್ಲ, ಸವಾಲು ಹಾಕುವ ಸರದಿಯಲ್ಲಿ ಯಾರು ಬಾಯಿ ಬಿಡಲಿಲ್ಲ, ಅದರ ಮೇಲೆ ಅವರ ಲೆಕ್ಕ. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಇಲ್ಲ ಎಂದರೆ ಈ ಬರವಣಿಗೆಯೇ ದಂಡ. ಆದರೆ ಶನಿವಾರ ಅವರು ಬರುವುದು ಹತ್ತು ನಿಮಿಷ ತಡವಾದರೆ ಕಿಟಕಿಗೆ ಹೋಗಿ ನಿಲ್ಲುತ್ತಿದ್ದವನೂ ನಾನೇ.

ಅವರ ಕಣ್ಣಿನ ವಿಷಯ ನನಗೆ ಗೊತ್ತಾದದ್ದು ಅಕ್ಕನಿಂದ. ಒಂದು ದಿನ ಬೆಳಿಗ್ಗೆ ಮುದ್ರಣಾಲಯಕ್ಕೇ ಬಂದರು. ಅಚ್ಚಿನ ಯಂತ್ರದ ಸದ್ದಿನಲ್ಲಿ ಮಾತು ಕೇಳದೆ ಇಬ್ಬರೂ ಕಾಗದದ ರಾಶಿ ಇಟ್ಟಿದ್ದ ಕೋಣೆಗೆ ಹೋಗಿ ನಿಂತೆವು. ಅಕ್ಕ ಹೇಳಿದ್ದು ಇದು: ಮೇಷ್ಟ್ರಿಗೆ ನೋಟದ ನಟ್ಟನಡುವೆ ಮಸುಕು ಬಂದಿದೆ, ಅಂಚಿನಲ್ಲಿ ಕಾಣುತ್ತದೆ, ನಡುವೆ ಕಾಣುವುದಿಲ್ಲ, ಡಾಕ್ಟರು ಇದಕ್ಕೆ ಆಪರೇಷನ್ ಇಲ್ಲ ಎಂದುಬಿಟ್ಟಿದ್ದಾರೆ. ಕಸುಬಿಗೆ ತೊಂದರೆಯಿಲ್ಲ, ಕೀಲಿಯ ಹಲ್ಲನ್ನು ಬೆರಳೇ ನೋಡುತ್ತದೆ, ಬೀಗವನ್ನು ಕಿವಿ ನೋಡುತ್ತದೆ. ತೊಂದರೆಯಿರುವುದು ಶನಿವಾರ. ತನ್ನ ಎಲೆಗಳನ್ನು ಮೂಗಿಗೆ ಹಿಡಿದು ಹೇಗೋ ನೋಡಿಕೊಳ್ಳುತ್ತಾರೆ, ನಾನು ಡಮ್ಮಿಯಾದಾಗ ನನ್ನ ಎಲೆಗಳನ್ನು ಹೆಸರು ಹೇಳುತ್ತ ಹರಡುತ್ತೇನೆ, ನೀವಿಬ್ಬರು ಹಾಕುವ ಎಲೆ ಅವರಿಗೆ ಕಾಣುವುದಿಲ್ಲ. ಕೆಂಪೋ ಕಪ್ಪೋ ಅಷ್ಟು ಗೊತ್ತಾಗುತ್ತದೆ. ಕ್ಲಬ್ಬಿನಲ್ಲಿ ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದಾರೆ. ಇಷ್ಟು ಹೇಳಿ ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ಪ್ರೂಫಣ್ಣ, ಎಲೆ ಹಾಕುವಾಗ ಬಾಯಲ್ಲಿ ಹೇಳಿ ಹಾಕ್ತೀರಾ? ಯಾಕೆ ಅಂತ ಯಾರಿಗೂ ಗೊತ್ತಾಗ್ಬಾರ್ದು. ಆ ಶನಿವಾರ ಒಂದು ಇಲ್ದೇ ಹೋದ್ರೆ ಅವರು ಮಂಕಾಗಿಬಿಡ್ತಾರೆ."

ಒಪ್ಪಿಕೊಂಡೆ. ನೆಪವೂ ಕೈಯಲ್ಲೇ ಇತ್ತು. ಪ್ರೂಫ್ ತಿದ್ದುವಾಗ ಒಬ್ಬ ಮೂಲವನ್ನು ಗಟ್ಟಿಯಾಗಿ ಓದುತ್ತಾನೆ, ಇನ್ನೊಬ್ಬ ಅಚ್ಚನ್ನು ನೋಡುತ್ತಾನೆ. ಅಲ್ಪವಿರಾಮ, ಪೂರ್ಣವಿರಾಮ ಕೂಡ ಬಾಯಲ್ಲಿ ಹೇಳಿಯೇ ಓದುವುದು. ವಯಸ್ಸಾಯಿತು, ಬಾಯಲ್ಲಿ ಹೇಳದಿದ್ದರೆ ನನಗೆ ನೆನಪುಳಿಯುವುದಿಲ್ಲ ಎಂದು ಆ ಶನಿವಾರದಿಂದ ಶುರು ಹಚ್ಚಿದೆ. "ಆಟೀನ್ ಒಂಬತ್ತು." "ಕಳಾವರ್ ರಾಜ." ಔಷಧಿಯವನಿಗೆ, ನೀನೂ ಹೇಳು, ಇಲ್ಲದಿದ್ದರೆ ನಿದ್ದೆ ಹೋಗುತ್ತೀಯ ಎಂದು ಗದರಿದೆ. ಮೊದಮೊದಲು ಬೇರೆ ಮೇಜಿನವರು ನಕ್ಕರು, ತಿಂಗಳೆರಡರಲ್ಲಿ ಅವರಿಗೂ ಅಂಟಿತು. ಮೂರು ತಿಂಗಳಾಗುವಷ್ಟರಲ್ಲಿ ನಮ್ಮ ಕ್ಲಬ್ಬು ಸಂತೆಯ ಹಾಗೆ ಗಲಗಲ ಎನ್ನುತ್ತಿತ್ತು. ಮೇಷ್ಟ್ರು ಒಮ್ಮೆ ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದುಕೊಂಡು, ನಿಮ್ಮ ಪ್ರೆಸ್ಸಿನ ಚಾಳಿ ಒಳ್ಳೆಯದು ಎಂದರು. ಅವರಿಗೆ ಗೊತ್ತಿತ್ತೋ ಏನೋ. ನಾನು ಕೇಳಲಿಲ್ಲ. ನನ್ನ ಒಳ್ಳೆಯತನಕ್ಕೆ ನಾನೇ ಬೀಗುತ್ತ ಮನೆಗೆ ಹೋದೆ.

ಒಂದೂವರೆ ವರ್ಷ ಹೀಗೆ ನಡೆಯಿತು. ಕಣ್ಣಿದ್ದಾಗ ಹೇಗೆ ಹಿಂಡುತ್ತಿದ್ದರೋ ಕಣ್ಣಿಲ್ಲದಾಗಲೂ ಹಾಗೇ ಹಿಂಡಿದರು, ಅದೂ ನಾನೇ ಹೇಳಿಕೊಟ್ಟ ಎಲೆಗಳಿಂದ.

ನಮ್ಮಲ್ಲಿ ಗೆದ್ದ ಜೋಡಿಗೆ ವರ್ಷಕ್ಕೊಂದು ಕಪ್ಪು ಇತ್ತು. ಚಿನ್ನವಲ್ಲ ಬೆಳ್ಳಿಯಲ್ಲ, ಗೇಣುದ್ದದ ಸ್ಟೀಲಿನ ಲೋಟಕ್ಕೆ ಎರಡು ಕಿವಿ ಬೆಸೆದದ್ದು. ಹನ್ನೊಂದು ವರ್ಷ ಮೇಷ್ಟ್ರ ಜೋಡಿ ಮೊದಲು, ನಮ್ಮ ಜೋಡಿ ಎರಡನೆಯದು. ಹನ್ನೆರಡನೇ ವರ್ಷ ಮುದ್ರಣಾಲಯ ಮುಚ್ಚಿತ್ತು. ನಾನು ಮನೆಯಲ್ಲಿ ಕೂತು ದಿನಪತ್ರಿಕೆಯ ತಪ್ಪುಗಳಿಗೆ ಕೆಂಪು ಗೆರೆ ಎಳೆಯುತ್ತಿದ್ದೆ, ಯಾರಿಗೂ ಬೇಡವಾದ ಕೆಲಸ. ಒಂದು ಸಲ, ಒಂದೇ ಒಂದು ಸಲ, ಆ ಲೋಟ ನಮ್ಮ ಮನೆಯ ಶೆಲ್ಫಿನಲ್ಲಿ ಕೂರಬೇಕೆಂದು ಆಸೆಯಾಗಿತ್ತು. ಅರವತ್ತು ದಾಟಿದವನಿಗೆ ಇಷ್ಟು ಸಣ್ಣ ಆಸೆ ಇಷ್ಟು ದೊಡ್ಡದಾಗಿ ಕಾಡುತ್ತದೆಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಕೊನೆಯ ದಿನ ಕೊನೆಯ ಆಟಕ್ಕೆ ಬಂದಾಗ ನಮ್ಮ ಜೋಡಿ ಒಂದಿಷ್ಟು ಮುಂದಿತ್ತು. ಉಳಿದ ಮೇಜುಗಳ ಆಟ ಮುಗಿದು, ಎಲ್ಲರೂ ನಮ್ಮ ಸುತ್ತ ನಿಂತಿದ್ದರು. ಅದಕ್ಕೂ ಹಿಂದಿನ ಆಟದಲ್ಲಿ ನಾನೊಂದು ಪೆದ್ದು ಎಲೆ ಹಾಕಿದ್ದೆ. ಮೇಷ್ಟ್ರು ಅಭ್ಯಾಸಬಲದಿಂದ ಪಾಠ ಶುರು ಮಾಡಿದರು, ಮಾಡಿ, ಪ್ರೂಫ್ ನೋಡುವವರಿಗೆ ಇಷ್ಟು ದೊಡ್ಡ ತಪ್ಪು ಕಾಣಲಿಲ್ಲವಲ್ಲ ಎಂದು ನಕ್ಕರು. ಸುತ್ತ ನಿಂತವರೂ ನಕ್ಕರು. ಮಾತು ತಮಾಷೆಯದು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಕಾಣದವರು ಯಾರು ಎಂದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಕೊನೆಯ ಆಟದಲ್ಲಿ ಮೇಷ್ಟ್ರು ಹದಿಮೂರರಲ್ಲಿ ಹನ್ನೆರಡು ಸುತ್ತು ಗೆಲ್ಲುತ್ತೇನೆಂದು ಸವಾಲು ಹಾಕಿದರು. ಗೆದ್ದರೆ ಕಪ್ಪು ಅವರದು, ಒಂದು ಸುತ್ತು ಕಮ್ಮಿಯಾದರೂ ನಮ್ಮದು. ಅಕ್ಕ ಹೆಸರು ಹೇಳುತ್ತ ಎಲೆ ಹರಡಿ, ಕೈ ಮಡಿಲಿಗಿಟ್ಟುಕೊಂಡರು. ಎರಡನೇ ಸುತ್ತನ್ನು ಮೇಷ್ಟ್ರು ತಾವಾಗಿಯೇ ಸೋತರು. ನನಗೆ ಈಗ ನಗು ಬರಲಿಲ್ಲ, ಬರಲಿರುವುದು ಏನೆಂದು ಗೊತ್ತಿತ್ತು. ಆಮೇಲೆ ಒಂದೊಂದಾಗಿ ಎಂಟು ಗೆದ್ದರು, ಮೊದಲ ಸುತ್ತೂ ಸೇರಿ ಒಂಬತ್ತು. ಮೂರು ಸುತ್ತು ಉಳಿದವು, ಮೂರೂ ಅವರಿಗೆ ಬೇಕು.

ಅವರ ಕೈಯಲ್ಲಿ ಇದ್ದದ್ದು ಇಸ್ಪೀಟ್ ಏಳು, ಆಟೀನ್ ನಾಲ್ಕು, ಡೈಮನ್ ಹತ್ತು. ಬೇರೆ ಇಸ್ಪೀಟ್ ಎಲೆಗಳೆಲ್ಲ ಆಗಿಹೋಗಿದ್ದವು, ಹಾಗಾಗಿ ಆ ಏಳು ಗೆಲ್ಲುವ ಎಲೆ. ಮೇಜಿನ ಮೇಲೆ ಅಕ್ಕನ ಎಲೆಗಳಲ್ಲಿ ಆಟೀನ್ ಎಕ್ಕ, ಆಟೀನ್ ಗುಲಾಮ, ಕೆಲಸಕ್ಕೆ ಬಾರದ ಒಂದು ಕಳಾವರ್. ನನ್ನ ಹತ್ತಿರ ಆಟೀನ್ ರಾಜ, ಆಟೀನ್ ರಾಣಿ, ಡೈಮನ್ ರಾಣಿ. ಔಷಧಿಯವನ ಹತ್ತಿರ ಕಸ. ಮೇಷ್ಟ್ರು ಇಸ್ಪೀಟ್ ಏಳನ್ನು ಆಡಿದರು. ನಾನು ಆಟೀನ್ ಬಿಟ್ಟರೆ ಅಕ್ಕನ ಎಕ್ಕದ ಹಿಂದೆ ಗುಲಾಮನೂ ಗೆಲ್ಲುತ್ತಾನೆ. ಡೈಮನ್ ರಾಣಿ ಬಿಟ್ಟರೆ ಅವರ ಡೈಮನ್ ಹತ್ತು ಗೆಲ್ಲುತ್ತದೆ. ಇಪ್ಪತ್ತೆಂಟು ವರ್ಷದ ಹಿಂಡು, ಕೊನೆಯ ದಿನವೂ ತಪ್ಪಲಿಲ್ಲ. ಅವರು ಮಾಡಬೇಕಾಗಿದ್ದು ಇಷ್ಟೇ, ನಾನು ಬಿಟ್ಟದ್ದು ಯಾವುದು ಎಂದು ತಿಳಿದುಕೊಳ್ಳುವುದು. ಎರಡೂ ಕೆಂಪು, ಎರಡೂ ರಾಣಿ.

ನಾನು ಡೈಮನ್ ರಾಣಿಯನ್ನು ಮೇಜಿನ ಮೇಲಿಟ್ಟೆ. ಇಟ್ಟು, "ರಾಣಿ" ಎಂದೆ.

ಅಷ್ಟೇ ಅಂದೆ. ಆಟೀನ್ ಎನ್ನಲಿಲ್ಲ, ಡೈಮನ್ ಎನ್ನಲಿಲ್ಲ. ಮೊದಲೇ ಯೋಚಿಸಿ ಮಾಡಿದ್ದಲ್ಲ, ಇದು ದೇವರಾಣೆ. ಬಾಯಿ ಅಲ್ಲಿಗೆ ನಿಂತಿತು, ನಿಂತ ಮೇಲೆ ನಾನು ಅದನ್ನು ಮುಂದಕ್ಕೆ ಹೋಗಲು ಬಿಡಲಿಲ್ಲ. ಮೇಷ್ಟ್ರ ತಲೆ ನನ್ನ ಕಡೆಗೆ ಒಂದಿಷ್ಟು ವಾಲಿತು. ಕಾದರು. ಇನ್ನೊಂದು ಸಲ ತೋರಿಸಿ ಎಂದು ಅವರು ಕೇಳಬಹುದಿತ್ತು, ನಿಯಮದಲ್ಲಿ ಅವಕಾಶವಿದೆ. ಕೇಳಿದ್ದರೆ ಎಲೆಯನ್ನು ಮೂಗಿನ ಹತ್ತಿರ ಹಿಡಿಯಬೇಕಾಗುತ್ತಿತ್ತು, ಸುತ್ತ ಹದಿನೈದು ಜನ ನಿಂತಿದ್ದರು. ಅಕ್ಕನಿಗೆ ಎಲೆ ಕಾಣುತ್ತಿತ್ತು. ಆಕೆ ಎಲೆಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. ನಾನು ಅಂಕ ಬರೆಯುವ ಪೆನ್ಸಿಲನ್ನು ನೋಡುತ್ತ ಕೂತೆ. ಡಮ್ಮಿ ಬಾಯಿ ಬಿಡುವ ಹಾಗಿಲ್ಲ.

ಮೇಷ್ಟ್ರು ಬಿದ್ದದ್ದು ಆಟೀನ್ ರಾಣಿ ಎಂದು ಊಹಿಸಿ ಆಟೀನ್ ನಾಲ್ಕನ್ನು ಆಡಿದರು. "ಆಟೀನ್ ರಾಜ" ಎಂದು ನಾನು ಸ್ಪಷ್ಟವಾಗಿ ಹೇಳಿ ಹಾಕಿದೆ, ಗಂಟಲು ಆಗ ಸರಿಯಾಗಿತ್ತು ನೋಡಿ. ಎಕ್ಕ ಗೆದ್ದಿತು. ಮುಂದಿನ ಸುತ್ತಿಗೆ ಅಕ್ಕನ ಗುಲಾಮ ಬಂದ, ಮೇಷ್ಟ್ರು ಕೈಯಲ್ಲುಳಿದ ಡೈಮನ್ ಹತ್ತನ್ನು ಅದರ ಮೇಲಿಟ್ಟರು. ನಾನು "ಆಟೀನ್ ರಾಣಿ" ಎಂದೆ. ಮೇಷ್ಟ್ರು "ಓ" ಎಂದರು. ಎದ್ದು ನಿಂತು, ಚೆನ್ನಾಗಿ ಆಡಿದಿರಿ ಎಂದು ಕೈ ಕುಲುಕಿದರು. ಜನ ಚಪ್ಪಾಳೆ ತಟ್ಟಿದರು. ಆ ಆಟಕ್ಕೆ ಅವರು ಪಾಠ ಹೇಳಲಿಲ್ಲ.

ಮುಂದಿನ ಶನಿವಾರ ಅವರು ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಸೋತ ಸಿಟ್ಟು ಇರಬೇಕು, ಇಳಿದ ಮೇಲೆ ಬರುತ್ತಾರೆ ಎಂದು ಔಷಧಿಯವನ ಹತ್ತಿರ ಹೇಳಿದೆ. ನನಗೇ ಅದು ಸುಳ್ಳೆಂದು ಗೊತ್ತಿತ್ತು. ಕಪ್ಪು ನನ್ನ ಶೆಲ್ಫಿನಲ್ಲಿತ್ತು, ನಾನು ಆ ಕೋಣೆಗೆ ಹೋಗುವುದನ್ನೇ ಕಡಿಮೆ ಮಾಡಿದ್ದೆ. ಐದನೇ ವಾರ ಅಂಗಡಿಯ ಬೀದಿಯಲ್ಲಿ ಹಾದುಹೋದೆ. ಮೆಟ್ಟಿಲ ಕೆಳಗಿನ ಬಾಗಿಲು ಮುಚ್ಚಿತ್ತು. ಪಕ್ಕದ ಝೆರಾಕ್ಸ್ ಅಂಗಡಿಯವಳು, ಮೇಷ್ಟ್ರು ಕೆಲಸ ಬಿಟ್ಟರಂತೆ, ಕೀಲಿಗಳನ್ನೆಲ್ಲ ಯಾರೋ ತೂಕಕ್ಕೆ ಒಯ್ದರು ಎಂದಳು.

ಅವರ ಮನೆಗೆ ಹೋಗುವ ಧೈರ್ಯವಾಗದೆ ನಾಲ್ಕು ದಿನ ಸುತ್ತಾಡಿ, ಕೊನೆಗೆ ಅಕ್ಕನನ್ನು ಹಾಲಿನ ಬೂತಿನ ಹತ್ತಿರ ಕಾದು ಹಿಡಿದೆ. ಅವರು ನನ್ನ ಮೇಲೆ ಹರಿಹಾಯುತ್ತಾರೆ ಎಂದುಕೊಂಡಿದ್ದೆ, ಹಾಗಾಗಿದ್ದರೆ ಹಗುರಾಗುತ್ತಿತ್ತು. ಅವರು ಹಾಲಿನ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು, ನಡೆದದ್ದನ್ನು ಹೇಳಿದರು. ಆಟದ ಮರುವಾರ ಒಂದು ಕಚೇರಿಯಿಂದ ತಿಜೋರಿ ತೆರೆಯಲು ಕರೆ ಬಂದಿತ್ತು. ಮೇಷ್ಟ್ರು ಕಿವಿ ಹಚ್ಚಿ ಕೂತರು, ಒಂದು ಗಂಟೆ ಕೂತರು. ಕೇಳಿಸಿದ್ದು ನಿಜವೋ ತನ್ನ ಭ್ರಮೆಯೋ ಎಂಬ ಅನುಮಾನ. ಬೇರೆಯವರನ್ನು ಕರೆಸಿ ಎಂದು ಎದ್ದು ಬಂದರು. ಇನ್ನೂ ಎರಡು ಕಡೆ ಹಾಗೇ ಆಯಿತು. ಆಮೇಲೆ ಒಂದು ಸಂಜೆ ಹೆಂಡತಿಯನ್ನು ಕೂರಿಸಿಕೊಂಡು, ಕಣ್ಣಿನ ಹಿಂದೆ ಕಿವಿಯೂ ಹೊರಟಿತು ಕಣೇ ಎಂದರು. ಅಂಗಡಿ ಮುಚ್ಚಿದರು.

"ಅವತ್ತು ಪ್ರೂಫಣ್ಣ ಹೇಳಿದ್ದು ಕೇಳಿಸ್ಲಿಲ್ಲ, ಇವತ್ತು ಬೀಗ ಹೇಳಿದ್ದೂ ಕೇಳಿಸ್ಲಿಲ್ಲ ಅಂತಾರೆ" ಎಂದರು ಅಕ್ಕ. "ನೀವು ಪೂರ್ತಿ ಹೇಳಿದ್ರಿ, ತನಗೇ ಅರ್ಧ ಕೇಳಿಸ್ತು ಅಂತ ಅವರ ನಂಬಿಕೆ."

ನೀವು ನಿಜ ಹೇಳಬಹುದಿತ್ತಲ್ಲ ಅಕ್ಕ ಎಂದೆ, ನಾಚಿಕೆಗೆಟ್ಟವನ ಹಾಗೆ.

"ಹೇಳಿದ್ರೆ ನಿಮ್ಮನ್ನ ಕಳ್ಕೋತಾರೆ ಅಂತ ಸುಮ್ನಾದೆ. ಕಣ್ಣಂತೂ ಹೋಗಿದೆ, ಇರೋ ಒಬ್ಬ ಸ್ನೇಹಿತನೂ ಹೋದ್ರೆ ಅವರಿಗೇನು ಉಳೀತು? ಅದನ್ನ ತಮ್ಮ ಕಿವಿ ಮೇಲೇ ಹಾಕ್ಕೋತಾರೆ ಅಂತ ನಂಗೇನು ಗೊತ್ತಿತ್ತು." ಆಮೇಲೆ ಕಣ್ಣೊರೆಸಿಕೊಂಡು, "ಈಗ ನೀವೇ ಬಂದು ಹೇಳಿ" ಎಂದರು.

ಅಂದೇ ಹೋದೆ. ಮಧ್ಯಾಹ್ನದ ಹೊತ್ತು. ಮೇಷ್ಟ್ರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಖಾಲಿ ಕೈಯಲ್ಲಿ ಕೂತಿದ್ದರು. ಆ ಬೆರಳುಗಳನ್ನು ನಾನು ಖಾಲಿಯಾಗಿ ನೋಡಿದ್ದೇ ಇಲ್ಲ, ಎಲೆ ಇರುತ್ತಿತ್ತು, ಇಲ್ಲವೇ ಅರ. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟ ಸದ್ದಿಗೇ "ಪ್ರೂಫಣ್ಣ ಬಂದ್ರಾ" ಎಂದರು. ಎಡಗಾಲನ್ನು ಎಳೆದು ಹಾಕುವುದು ನಾನೊಬ್ಬನೇ ಎಂದು ಅವರಿಗೆ ಗೊತ್ತು. ಪಕ್ಕದಲ್ಲಿ ಕೂರಿಸಿಕೊಂಡು, ಸ್ವಲ್ಪ ಜೋರಾಗಿ ಮಾತಾಡಬೇಕು, ತಪ್ಪು ತಿಳಿಯಬಾರದು ಎಂದರು.

ನಾನು ಹೇಳಿಬಿಟ್ಟೆ. ಬಿಟ್ಟುಬಿಟ್ಟು ಹೇಳಲಿಲ್ಲ, ಎಲ್ಲ ಹೇಳಿದೆ. ಕಪ್ಪಿನ ಆಸೆ, ಆ ದಿನದ ತಮಾಷೆಗೆ ಬಂದ ಸಿಟ್ಟು, ರಾಣಿ ಎಂದು ನಿಲ್ಲಿಸಿದ್ದು, ಪೆನ್ಸಿಲು ನೋಡುತ್ತ ಕೂತದ್ದು. ನಿಮ್ಮ ಕಿವಿಗೆ ಏನೂ ಆಗಿಲ್ಲ ಮೇಷ್ಟ್ರೇ, ಕೆಟ್ಟದ್ದು ನನ್ನ ನಾಲಿಗೆ ಎಂದೆ. ಹೇಳುತ್ತ ಹೇಳುತ್ತ ಅತ್ತೆ. ಅವರು ಅಡ್ಡ ಬರದೆ ಕೇಳಿದರು. ಮುಗಿದ ಮೇಲೆ ಕೈ ತಡಕಾಡಿ ನನ್ನ ಮೊಣಕಾಲು ಸಿಕ್ಕಿ ಅದನ್ನು ತಟ್ಟಿದರು. ಅವರ ಮುಖದಲ್ಲಿ ಆಟ ಮುಗಿದ ಮೇಲಿನ ಆ ಹಳೇ ಕಳೆ ಬಂದಿತ್ತು, ಪಾಠ ಹೇಳುವಾಗಿನ ಕಳೆ.

"ನನ್ನ ಸಮಾಧಾನಕ್ಕೆ ನಿಮ್ಮ ತಲೆ ಮೇಲೆ ತಪ್ಪು ಎಳ್ಕೋಬೇಡಿ. ಎಣಿಸಿ ನೋಡಿ. ನೀವು ಪೂರ್ತಿ ಹೇಳದೇ ಇದ್ದಿದ್ರೆ ಇವಳು ಅವತ್ತೇ ಮನೆಗೆ ಬಂದು ರಂಪ ಮಾಡ್ತಿದ್ಲು. ಇವಳನ್ನ ನಲವತ್ತು ವರ್ಷದಿಂದ ಬಲ್ಲೆ. ಇವಳು ತುಟಿ ಪಿಟಕ್ ಅನ್ಲಿಲ್ಲ. ಅಂದ್ರೆ ನೀವು ಹೇಳಿದೀರಿ, ನಂಗೆ ಕೇಳಿಸಿಲ್ಲ. ಲೆಕ್ಕ ಸರಿಯಾಗಿದೆ ಅಲ್ವಾ?"

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. "ಇಲ್ಲ ರೀ, ಅವರು ಹೇಳಿರ್ಲಿಲ್ಲ. ನಾನು ನೋಡಿದೀನಿ" ಎಂದರು. ಮೇಷ್ಟ್ರು ನಕ್ಕುಬಿಟ್ಟರು. ಇಬ್ಬರೂ ಮಾತಾಡಿಕೊಂಡು ಬಂದಿದ್ದೀರಿ, ಇವತ್ತು ಹಾಲಿಗೆ ಹೋದವಳು ಮುಕ್ಕಾಲು ಗಂಟೆ ತಡವಾಗಿ ಬಂದಾಗಲೇ ನನಗೆ ಗೊತ್ತಾಯಿತು ಎಂದರು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಒಳಗೆ ಲೋಟ ಇಟ್ಟ ಸದ್ದು ನನಗೆ ಕೇಳಿಸಲೂ ಇಲ್ಲ. ಮೇಷ್ಟ್ರು ಅತ್ತ ತಿರುಗಿ, ಲೋಟ ಅಂಚಿನಲ್ಲಿದೆ,  ಒಳಗೆ ಸರಿಸು ಎಂದರು. ನೋಡಿ, ಕೇಳಿಸುತ್ತಿದೆಯಲ್ಲ ಎಂದು ನಾನು ಅವರ ಕೈ ಹಿಡಿದುಕೊಂಡೆ. ಅದು ಕಿವಿಯಲ್ಲ, ಅಭ್ಯಾಸ ಎಂದರು. ಡಾಕ್ಟರ ಹತ್ತಿರ ಹೋಗೋಣ ಎಂದರೆ, ಒಬ್ಬ ಡಾಕ್ಟರು ಹೇಳಿದ್ದೇ ಸಾಕಾಗಿದೆ ಎಂದರು.

ಹೊರಡುವಾಗ ಬಾಗಿಲವರೆಗೆ ಗೋಡೆ ಹಿಡಿದುಕೊಂಡು ಬಂದರು. "ಇಪ್ಪತ್ತೆಂಟು ವರ್ಷ ನಿಮ್ಮನ್ನ ಹಿಂಡಿದೀನಿ ಪ್ರೂಫಣ್ಣ. ನಿಮ್ಮ ಕೈಯಲ್ಲಿ ಏನಿದೆ ಅಂತ ನಂಗೆ ಗೊತ್ತಿಲ್ವಾ? ನೀವು ಅಂಥವರಲ್ಲ."

ಆಮೇಲೆ ಅವರು ನಾಲ್ಕು ವರ್ಷ ಬದುಕಿದ್ದರು. ಅಂಗಡಿ ತೆರೆಯಲಿಲ್ಲ, ಎಲೆ ಮುಟ್ಟಲಿಲ್ಲ. ಪ್ರತಿ ಶನಿವಾರ ಮೂರು ಗಂಟೆಗೆ ನಾನು ಅವರ ಮನೆಗೆ ಹೋಗುತ್ತಿದ್ದೆ. ಎರಡು ಸಲ ಮತ್ತೆ ಹೇಳಲು ನೋಡಿದೆ, ಎರಡು ಸಲವೂ ನನ್ನ ಒಳ್ಳೆಯತನವನ್ನೇ ಹೊಗಳಿದರು. ಆಮೇಲೆ ಬಿಟ್ಟುಬಿಟ್ಟೆ. ಬೀದಿಯ ಕೊನೆಯಲ್ಲಿ ತಿರುಗುವ ನನ್ನ ಹೆಜ್ಜೆಯ ಸದ್ದು ಕೇಳಿ ಅವರು ಹೆಂಡತಿಗೆ, ಪ್ರೂಫಣ್ಣ ಬಂದರು, ಕಾಫಿಗಿಡು ಎನ್ನುತ್ತಿದ್ದರಂತೆ. ನಾನು ಒಳಗೆ ಹೋಗಿ, ಅವರ ಪಕ್ಕದಲ್ಲಿ ಕೂತು, ಅವರಿಗೆ ಕೇಳಿಸಲೆಂದು ಜೋರಾಗಿ ಮಾತಾಡುತ್ತಿದ್ದೆ.